ನೋಡೋ ಕಣ್ಣಣ್ಣ

ಹುಲ್ಲಹಳ್ಳಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಗೋಡೆಗೊರಗಿ ಕೂತಿರುತ್ತಾರಲ್ಲ, ಅವರೇ ಕಣ್ಣಣ್ಣ. ನಿಜವಾದ ಹೆಸರು ಬೇರೆ. ಯಾವ ವ್ಯಾಜ್ಯ ಎದ್ದರೂ ‘ಅದು ಅವರವರು ನೋಡೋ ಕಣ್ಣು ಕಣಪ್ಪ, ಬುಡು’ ಎಂದು ಮುಗಿಸಿ ಮುಗಿಸಿ ಈ ಹೆಸರು ಬಿತ್ತು. ವರದಕ್ಷಿಣೆ? ‘ಅವರ ಕಡೆ ಅದು ಪದ್ಧತಿ.’ ಎಲೆಕ್ಷನ್ ದುಡ್ಡು? ‘ಕೊಟ್ಟೋನ್ಗೆ ಖರ್ಚು, ಇಸ್ಕಂಡೋನ್ಗೆ ಹಬ್ಬ. ತಪ್ಪು ಅನ್ನಕ್ಕೆ ನೀನ್ಯಾರು?’ ಹೀಗಾಗಿ ಊರಲ್ಲಿ ಒಬ್ಬರೊಂದಿಗೂ ಮುಖ ಕೆಡಿಸಿಕೊಂಡವರಲ್ಲ. ಒಂದು ಪಂಚಾಯ್ತಿಯಲ್ಲೂ ಸಾಕ್ಷಿ ಹೇಳಿದವರೂ ಅಲ್ಲ.

ವಿನಾಯಿತಿ ಒಂದೇ. ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದಿದ್ದಾನೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ. ಅದು ಮಾತ್ರ ನೋಡೋ ಕಣ್ಣಿನ ಮಾತಲ್ಲ. ಕಾಶಿಯವರು ಒಪ್ಪುತ್ತಾರಾ ಎಂದರೆ, ‘ಅವರು ಸರಿಯಾಗಿ ತೂಗಿಲ್ಲ.’

ಒಮ್ಮೆ ಶ್ರವಣಬೆಳಗೊಳಕ್ಕೆ ಹೋದವರು ಅನೇಕಾಂತವಾದ ಹೊತ್ತು ತಂದರು. ಕುರುಡರು, ಆನೆ, ಒಬ್ಬನಿಗೆ ಕಂಬ, ಇನ್ನೊಬ್ಬನಿಗೆ ಮೊರ, ಆದ್ದರಿಂದ ಸತ್ಯ ಅನ್ನೋದೇ ಇಲ್ಲ! (ಜೈನರು ಹೇಳುವುದು, ಆನೆ ಇದೆ, ಒಬ್ಬನ ಕೈಗೆ ಪೂರ್ತಿ ಸಿಗುವುದಿಲ್ಲ ಎಂದು. ಆ ಅರ್ಧವನ್ನು ಇವರು ಬೆಟ್ಟದ ಮೆಟ್ಟಿಲ ಮೇಲೇ ಬಿಟ್ಟು ಬಂದಿದ್ದರು.) ಹೆಡಿಯಾಲದ ಕಡೆಯ ರೈತನೊಬ್ಬ ಟೀಗೆ ಬನ್ ಅದ್ದುತ್ತಾ ಕೇಳುತ್ತಿದ್ದ. ಹಿಂದಿನ ರಾತ್ರಿ ಕಾಡಿನಿಂದ ಬಂದದ್ದು ಅವನ ಬಾಳೆತೋಟ ಮುಗಿಸಿತ್ತು. ‘ಕಣ್ಣು ಮುಚ್ಕಂಡೇ ಹೇಳ್ತೀನಿ ಕಣಣ್ಣ, ಅದು ಆನೇನೆ’ ಎಂದ.

ಭತ್ತದ ನಾಟಿ ಶುರುವಾಯಿತು. ಹುಲ್ಲಹಳ್ಳಿ ನಾಲೆಯ ನೀರು ಕಣ್ಣಣ್ಣನ ಸರದಿಗೆ ಬಂದ ರಾತ್ರಿಯೇ ಮೇಲ್ಗದ್ದೆಯವನು ಮಡೆ ತಿರುಗಿಸಿಕೊಂಡ. ಬೆಳಿಗ್ಗೆ ಬೆಂಚಿಗೆ ಬಂದಾಗ ಇವರ ಪಂಚೆ ಮಂಡಿವರೆಗೂ ಕೆಸರು. ಟೀ ಕೂಡ ಹೇಳಲಿಲ್ಲ.

‘ನ್ಯಾಯ ಅನ್ನೋದು ಲೋಕಕ್ಕೆಲ್ಲ ಒಂದೇ! ಅವನಿಗೊಂದು ನನಗೊಂದು ಇದ್ದದಾ? ಬರ್ಲಿ ನಂಜನಗೂಡಿಗೆ, ನಂಜುಂಡೇಶ್ವರನ ಮುಂದೆ ಆಣೆ ಮಾಡ್ಲಿ!’

ಮಡೆ ತಿರುಗಿಸಿದ್ದನ್ನು ಕಂಡವರು ಮೂವರು ಅಲ್ಲೇ ಕೂತಿದ್ದರು. ಕಣ್ಣಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದರು. ಒಬ್ಬ ಗ್ಲಾಸಿನ ತಳ ನೋಡಿದ. ಇನ್ನೊಬ್ಬ ಕೋಟೆ ಬಸ್ಸು ಬಂತೇನೋ ಎಂದು ಎದ್ದ. ಮೂರನೆಯವನು ಬಹಳ ಹೊತ್ತು ಟವೆಲ್ಲಿನಿಂದ ಮುಖ ಒರೆಸಿಕೊಂಡ.

‘ಕತ್ತಲೆ ಕಣಣ್ಣ. ಕಣ್ಣೇ ಕಾಣಿಸ್ನಿಲ್ಲ.’