ಆಡು ಮುಟ್ಟದ ಸೊಪ್ಪಿನ ಮೀಮಾಂಸೆ

'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಯನ್ನು ಕನ್ನಡಿಗರು ಇಷ್ಟು ಕಾಲ ಪರೀಕ್ಷಿಸದೆ ಒಪ್ಪಿಕೊಂಡು ಬಂದದ್ದು ವಿದ್ವತ್ತಿಗೆ ತಗುಲಿದ ಕಳಂಕ. ಗಾದೆ ಸುಳ್ಳೆನ್ನಲು ಸಾಕ್ಷಿ ನಿಘಂಟಿನಲ್ಲೇ ಇದೆ. ದಮ್ಮಿಗೆ ಮದ್ದೆನಿಸಿದ ಒಂದು ಬಳ್ಳಿಯ ಹೆಸರೇ ಆಡುಮುಟ್ಟದ ಬಳ್ಳಿ. ಕೆಮ್ಮಿನ ಕಷಾಯಕ್ಕೆ ಬೀಳುವ ಆಡುಸೋಗೆಗೆ ಲಿನೇಯಸ್ 1753ರಲ್ಲಿ ಕೊಟ್ಟ ಲ್ಯಾಟಿನ್ ಹೆಸರಿನಲ್ಲಿ ಕೂತಿರುವ 'ಅಧತೋಡ' ತಮಿಳಿನಿಂದ ಹೋದದ್ದು. ಅರ್ಥ, ಆಡು ಮುಟ್ಟದ್ದು. ಈ ಎರಡನ್ನು ಕಳೆದರೆ ಉಳಿದ ಸಸ್ಯಲೋಕವೆಲ್ಲ ಆಡಿನ ಪಾಲು. ಆ ಉಳಿಕೆಯ ಲೆಕ್ಕವೇ ಪ್ರಸ್ತುತ ಪ್ರಬಂಧ. ಅಧ್ಯಯನದ ಕ್ಷೇತ್ರ: ಯಾದಗಿರಿ, ಶಹಾಪುರ, ಸುರಪುರ.

ಘನವಾದ ಪ್ರಬಂಧಕ್ಕೆ ಒಂದು ಪರದೇಶ ಬೇಕೇ ಬೇಕು. ಇಲ್ಲಿ ಅದು ಪೆರು. ಅಲ್ಲಿನ ಆಂಡಿಸ್ ಬೆಟ್ಟದ ಮನೆಗಳಲ್ಲಿ ಸಾವಿರಾರು ವರ್ಷಗಳಿಂದ ಗಿನಿಯಿಲಿಯನ್ನು ಮಾಂಸಕ್ಕಾಗಿ ಸಾಕುತ್ತಾರೆ. ಅಡುಗೆಮನೆಯ ಮೂಲೆಯೇ ಕೊಟ್ಟಿಗೆ, ತರಕಾರಿ ಸಿಪ್ಪೆಯೇ ಮೇವು. (ಅದು ಗಿನಿ ದೇಶದ್ದಲ್ಲ. ಇಂಗ್ಲಿಷರು ಹಂದಿ ಎಂದರು, ನಾವು ಇಲಿ ಎಂದೆವು. ಪ್ರಾಣಿ ಇಬ್ಬರಿಗೂ ಉತ್ತರ ಕೊಟ್ಟಿಲ್ಲ.) ಇದನ್ನು ಯಾದಗಿರಿಗೆ ತಂದರೆ? 30 ಡಿಗ್ರಿ ದಾಟಿದರೆ ಅದಕ್ಕೆ ಬಾಧೆ, ಇಲ್ಲಿನ ಬೇಸಿಗೆ 40 ದಾಟುತ್ತದೆ. ಮನುಷ್ಯನಂತೆ ಅದರ ಮೈಯೂ ಸಿ ಜೀವಸತ್ವ ತಯಾರಿಸದು, ದಿನವೂ ಹಸಿರು ಬೇಕು. ಏಪ್ರಿಲ್‌ನಲ್ಲಿ ಸಂತೆಯಿಂದ ಕೊತ್ತಂಬರಿ ಕೊಂಡು ಇಲಿಗೆ ಹಾಕುವವನ ಬಗ್ಗೆ ಊರು ಏನು ಆಡಿಕೊಳ್ಳುತ್ತದೆ ಎಂಬುದು ಪ್ರತ್ಯೇಕ ಸಂಶೋಧನೆಯ ವಸ್ತು.

ಗಿನಿಯಿಲಿ ಬಾರದಿದ್ದರೂ ಅದರ ಖಂಡದವರು ಇಲ್ಲಿ ಎಂದೋ ಬಂದು ನೆಲೆ ನಿಂತಿದ್ದಾರೆ. ಶೇಂಗಾ ದಕ್ಷಿಣ ಅಮೆರಿಕದ್ದು. ಕಾಯಿ ಬಿಡಿಸಿಕೊಂಡ ಮೇಲೆ ಬಳ್ಳಿ, ಹೊಟ್ಟು ಎರಡೂ ಆಡಿಗೆ. ಬಳ್ಳಾರಿ ಜಾಲಿಗೆ ಬಳ್ಳಾರಿ ಬರೀ ಹೆಸರಿಗೆ. ತವರು ಅಮೆರಿಕ, 1870ರ ದಶಕದಲ್ಲಿ ಭಾರತಕ್ಕೆ ಬಂದು, ಕರೆಯದಿದ್ದ ಕಡೆಗೂ ಹೋಯಿತು. ಬೇಸಿಗೆಯಲ್ಲಿ ಉದುರುವ ಅದರ ಸಿಹಿ ಕಾಯಿ ಪುಕ್ಕಟೆ ಮೇವು. ಬೀಜ ಗಟ್ಟಿ, ಹಿಕ್ಕೆಯಲ್ಲಿ ಇಡಿಯಾಗಿ ಹೊರಬಂದು, ಗೊಬ್ಬರದ ಸಮೇತ ಮೊಳೆಯುತ್ತದೆ. ಕಾಯಿ ಕುಟ್ಟಿ ಹಾಕಿದರೆ ಬೀಜದ ಸತ್ವವೂ ದಕ್ಕುತ್ತದೆ, ಜಾಲಿಯ ಸಂತಾನವೂ ನಿಲ್ಲುತ್ತದೆ. ಕುಟ್ಟುವವರು ಯಾರೆಂದು ಯಾವ ಕೈಪಿಡಿಯೂ ಹೇಳುವುದಿಲ್ಲ. ಆದರೆ ಎಲೆ? ಊರೆಲ್ಲ ಒಣಗಿದಾಗ ಜಾಲಿಯೊಂದೇ ಹಸಿರಾಗಿ ನಿಂತಿರುವುದಕ್ಕೆ ಒಂದು ಕಾರಣ, ಆ ಒಗರು ಎಲೆಗೆ ಆಡು ಬಾಯಿ ಹಾಕಲು ಹಿಂದೆಗೆಯುತ್ತದೆ. ಗಾದೆಗೆ ಮೂರನೆಯ ಪೆಟ್ಟು.

ತೊಗರಿ ರಾಶಿಯಾದ ಮೇಲೆ ಕಟ್ಟಿಗೆ ಒಲೆಗೆ, ಎಲೆ-ಸಿಪ್ಪೆಯ ಹೊಟ್ಟು ಆಡಿಗೆ. ಜೋಳದ ಕಣಿಕಿ ಎತ್ತಿಗೆ. ನಾರಾಯಣಪುರ ಜಲಾಶಯದ ಕಾಲುವೆ ಬಂದ ಕಡೆ ಭತ್ತವೂ ಬಂತು, ಅದರ ಹಿಂದೆ ಸತ್ವವಿಲ್ಲದ ಭತ್ತದ ಹುಲ್ಲು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, 3 ವಾರ ಗಾಳಿಯಾಡದಂತೆ ಮುಚ್ಚಿಟ್ಟರೆ ಅದು ದನಕ್ಕೆ ಒಗ್ಗುವ ಮೇವಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಣಕದ್ದಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಮೇಲೆ ಚಿಗುರುವ ಕೂಳೆಯಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಅದನ್ನು ಹೊಟ್ಟೆತುಂಬ ಮೇದ ದನ ಅಲ್ಲೇ ಕೆಡೆಯಬಹುದು. ರಸಾಯನಶಾಸ್ತ್ರ ಓದದ ಕುರಿಗಾರನೂ ಅಂಥ ಹೊಲದ ಬದುವಿನಲ್ಲಿ ಕೋಲು ಅಡ್ಡ ಹಿಡಿಯುತ್ತಾನೆ.

ಇನ್ನು ಖರ್ಚಿನ ಪಟ್ಟಿ. ಸುಗ್ಗಿ ಮುಗಿದ ಹೊಲದಲ್ಲಿ ಕುರಿಗಾರರು ಹಿಂಡು ತರುಬುತ್ತಾರೆ. ಹಗಲು ಕುರಿಗಳು ಹೊಲದ ಅಳಿದುಳಿದದ್ದನ್ನು ಮೇಯುತ್ತವೆ, ರಾತ್ರಿ ಅಲ್ಲೇ ಮಲಗಿ ಹಿಕ್ಕೆ ಉದುರಿಸುತ್ತವೆ. ಆ ಗೊಬ್ಬರಕ್ಕೆ ಹೊಲದ ಯಜಮಾನನೇ ಕುರಿಗಾರನಿಗೆ ಕಾಳನ್ನೋ ರೊಕ್ಕವನ್ನೋ ಕೊಡುತ್ತಾನೆ. ಹೀಗಾಗಿ 'ಮೇವಿನ ವೆಚ್ಚ' ಎಂಬ ಅಂಕಣದಲ್ಲಿ ಶೂನ್ಯಕ್ಕಿಂತ ಕಡಿಮೆ ಅಂಕಿ ಬರೆಯಬೇಕಾಯಿತು. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪ್ರಬಂಧಕಾರ 'ಅನ್ವಯಿಸುವುದಿಲ್ಲ' ಎಂದು ತುಂಬಿ ಕಳಿಸಿದ.