ಗವಸಮ್ಮನವರ ಪರವಾಗಿ

ಪ್ರತಿ ಬೀದಿಗೂ ಒಬ್ಬರು ಗವಸಮ್ಮ ಇರುತ್ತಾರೆ. ಪಡಿತರ ಚೀಟಿಯಲ್ಲಿ ಅವರ ಹೆಸರು ಬೇರೆಯೇ ಇರುತ್ತದೆ. ಆದರೆ ಅವರ ಮನೆಯೊಳಗೆ ಒಮ್ಮೆ ಕಾಲಿಟ್ಟವರು ಈ ಹೆಸರಿಗೆ ಬೇರೆ ಪುರಾವೆ ಕೇಳುವುದಿಲ್ಲ. ಫ್ರಿಜ್ಜಿನ ಹಿಡಿಗೆ ಕ್ರೋಶಾದ ತೋಳು, ಮಿಕ್ಸಿಗೆ ಲೇಸು ಹಚ್ಚಿದ ಮುಸುಕು, ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ. ಟೀವಿ ಚಪ್ಪಟೆಯಾಗಿ ಗೋಡೆ ಹತ್ತಿದಾಗ ಊರೆಲ್ಲ ಹಿಗ್ಗಿದರೆ ಗವಸಮ್ಮನವರಿಗೆ ಮಾತ್ರ, ಹೊದಿಸಲು ಹೇಳಿ ಮಾಡಿಸಿದಂತಿದ್ದ ಒಂದು ಪೆಟ್ಟಿಗೆ ಕೈತಪ್ಪಿತಲ್ಲ ಎಂಬ ಸಂಕಟ. ಆದರೆ ಇವೆಲ್ಲ ಕೈ ಪಳಗಿಸಿಕೊಳ್ಳಲು ಮಾಡಿದ ಕೆಲಸಗಳು. ಅವರ ಮಹಾಕಾವ್ಯ ಇರುವುದು ನಡುಮನೆಯ ಕಿಟಕಿಯ ಕೆಳಗೆ. ಅಲ್ಲಿ ಉಷಾವೋ ಮೆರಿಟ್ಟೋ ರೀಟಾವೋ, ಯಾವುದೋ ಒಂದು ಕಾಲಿನ ಹೊಲಿಗೆ ಮೆಷಿನ್ ನಿಂತಿದೆಯಂತೆ. ಇದೆಯಂತೆ ಎನ್ನಬೇಕು, ಏಕೆಂದರೆ ಕಾಣುವುದು ಗವಸು ಮಾತ್ರ. ಒಳಗಿನ ಬ್ರ್ಯಾಂಡನ್ನು ಮನೆಯವರ ಬಾಯಿಮಾತಿನ ಮೇಲೆ ನಂಬಬೇಕು.

ಜನ ಇವರನ್ನು ನೋಡಿ ನಗುತ್ತಾರೆ. ಮೆಷಿನ್ನಿಗಿಂತ ಗವಸಿಗೇ ಹೆಚ್ಚು ದಿನ ದುಡಿದಿದ್ದಾರೆ, ಮೆಷಿನ್ನಿಗೆ ಗಾಳಿಯೇ ಆಡುವುದಿಲ್ಲ, ಇಷ್ಟಕ್ಕೂ ಧೂಳು ಬಿದ್ದರೆ ಒಂದು ಹಳೆಯ ಟವೆಲ್ಲಿನಿಂದ ಒರೆಸಿದರೆ ಮುಗಿಯಿತಲ್ಲವೇ ಎಂದು ಆಡಿಕೊಳ್ಳುತ್ತಾರೆ. ನಗುವವರು ಒಂದು ವಿಷಯವನ್ನು ವಿಚಾರಿಸದೆ ಒಪ್ಪಿಕೊಂಡುಬಿಟ್ಟಿದ್ದಾರೆ: ಗವಸು ಇರುವುದು ಧೂಳಿಗಾಗಿ ಎಂದು. ಗವಸಮ್ಮನವರೂ ಕೇಳಿದವರಿಗೆ ಹಾಗೆಯೇ ಹೇಳುತ್ತಾರೆ. ಆದರೆ ಅವರ ಕೆಲಸವನ್ನು ಹತ್ತಿರದಿಂದ ನೋಡಿದರೆ ಆ ಉತ್ತರ ನಿಲ್ಲುವುದಿಲ್ಲ. ಗವಸು ಧೂಳಿಗಲ್ಲ, ಜನಕ್ಕೆ. ಅದು ಬಾಯಿಬಿಟ್ಟು ಹೇಳಲಾಗದ ಒಂದು 'ಆಗುವುದಿಲ್ಲ'. ಈ ಒಂದು ಮಾತನ್ನು ಒಪ್ಪಿಕೊಂಡರೆ ಗವಸಮ್ಮನವರ ವಿಚಿತ್ರಗಳೆಲ್ಲ ಒಂದೊಂದಾಗಿ ವಿವೇಕವಾಗಿ ಕಾಣತೊಡಗುತ್ತವೆ.

ಮೊದಲು ಕೆಲಸವನ್ನೇ ನೋಡೋಣ. ಮನೆಬಳಕೆಯ ಸಾಮಾನ್ಯ ಮೆಷಿನ್ನಿನ ತಳ ಸುಮಾರು 14.5 ಇಂಚು ಉದ್ದ, 7 ಇಂಚು ಅಗಲ. ಇಷ್ಟನ್ನು ಮುಚ್ಚಲು ಒಂದು ಮೀಟರ್ ಬಟ್ಟೆ ಧಾರಾಳ. ಗವಸಮ್ಮನವರದು ಮೂರು ಪದರ. ಒಳಗೆ ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ, ನಡುವೆ ಹಳೆಯ ಜಮಖಾನದ ತುಂಡು, ಹೊರಗೆ ಗುಳೇದಗುಡ್ಡದ ಖಣ. ಮೂರನ್ನೂ ಸೇರಿಸಿ ಕೌದಿಯ ಹಾಗೆ ಸಾಲುಸಾಲಾಗಿ ಕೈಹೊಲಿಗೆ. ಖಣವನ್ನು ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿರುತ್ತಾರೆ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಮೇಲಿನ ಪದರ ಕುಗ್ಗಿ ಒಳಗಿನದು ಹೊರಗೆ ಇಣುಕುತ್ತದೆ. ಮೂಲೆಗಳಿಗೆ ಒಳಗೆ ಹುರಿ ಕೊಟ್ಟ ಪೈಪಿಂಗ್, ಎರಡೆರಡು ಹೊಲಿಗೆ. ಗಂಜಿಯನ್ನು ಮಾತ್ರ ಹತ್ತಿರಕ್ಕೆ ಸೇರಿಸುವುದಿಲ್ಲ, ಗಂಜಿಯ ರುಚಿಗೆ ಹುಳ ಬರುತ್ತದೆ. ಇನ್ನು ನೆತ್ತಿಯ ಮೇಲೆ ಒಂದು ಕಮಲ. ನೋಡಿದವರೆಲ್ಲ ಆ ಕಮಲವನ್ನು ಹೊಗಳಿ ಮುಂದೆ ಹೋಗುತ್ತಾರೆ. ಅದು ಮಧ್ಯದಲ್ಲಿಲ್ಲ, ಬಲಕ್ಕೆ ಸರಿದಿದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ದಾರದ ಉಂಡೆ ಸಿಕ್ಕಿಸುವ ಕಡ್ಡಿ ಸರಿಯಾಗಿ ಅಲ್ಲಿಯೇ ಮೇಲಕ್ಕೆ ಚುಚ್ಚುತ್ತದೆ. ಯಾವ ಗವಸೂ ಮೊದಲು ಹರಿಯುವುದು ಅಲ್ಲಿಯೇ. ಕಮಲದ ಅಡಿಯಲ್ಲಿ ದಪ್ಪ ತೇಪೆ ಇದೆ. ಅಂದವೂ ಗಟ್ಟಿತನವೂ ಬೇರೆ ಬೇರೆ ಎಂದು ವಾದಿಸುವವರು ಆ ಕಮಲವನ್ನು ಒಮ್ಮೆ ಬೆರಳಿಂದ ಒತ್ತಿ ನೋಡಬೇಕು.

ಆದರೆ ನಮ್ಮ ವಾದಕ್ಕೆ ಮುಖ್ಯವಾದದ್ದು ಕಮಲವಲ್ಲ, ಲಾಡಿ. ಧೂಳನ್ನು ತಡೆಯಲು ಗವಸು ಮೇಲಿನಿಂದ ಇಳಿಬಿದ್ದರೆ ಸಾಕು. ಧೂಳಿಗೆ ಕೈಗಳಿಲ್ಲ, ಅದು ಗವಸನ್ನು ಎತ್ತಿ ಒಳಗೆ ನುಗ್ಗುವುದಿಲ್ಲ. ಹಾಗಿದ್ದರೂ ಗವಸಮ್ಮನವರು ಎರಡೂ ಪಕ್ಕ ಲಾಡಿ ಕಟ್ಟಿ, ಮುಂಭಾಗಕ್ಕೆ ಐದು ಕಾಜಾ ಮಾಡಿ ಗುಂಡಿ ಇಟ್ಟಿರುತ್ತಾರೆ. ಟಿಚ್ ಬಟನ್ ಹಾಕಿದ್ದರೆ ಒಂದೇ ಎಳೆತಕ್ಕೆ ಬಿಚ್ಚಬಹುದಿತ್ತು, ಅದಕ್ಕೇ ಹಾಕಿಲ್ಲ. ಇನ್ನೂ ಒಂದು ಸಂಗತಿ. ಮೆಷಿನ್ನಿಗೆ ನಿಜವಾಗಿ ತೊಂದರೆ ಕೊಡುವ ಧೂಳು ಹೊರಗಿನಿಂದ ಬರುವುದೇ ಕಡಿಮೆ. ಹೊಲಿಯುವಾಗ ಬಟ್ಟೆಯಿಂದಲೇ ಉದುರುವ ನೂಲಿನ ಜುಂಗು ಹಲ್ಲಿನ ಕೆಳಗೂ ಬಾಬಿನ್ ಕೇಸಿನ ಸುತ್ತಲೂ ಸೇರಿ, ಎಣ್ಣೆಯ ಜೊತೆ ಅಂಟಾಗಿ ಕೂರುತ್ತದೆ. ಅದಕ್ಕೆ ಮದ್ದು ಬ್ರಷ್ಷು, ಗವಸಲ್ಲ. ಹೋಗಲಿ, ಧೂಳಿನ ಭಯವೇ ಕಾರಣವಾಗಿದ್ದರೆ ಬೀದಿಗೆ ಬಾಯಿ ತೆರೆದು ಕೂತ ದರ್ಜಿಯ ಅಂಗಡಿಯಲ್ಲಿ ಅತಿ ದಪ್ಪ ಗವಸು ಇರಬೇಕಿತ್ತು. ಅವನದು ಬೆಳಗಿನಿಂದ ರಾತ್ರಿಯವರೆಗೆ ಬೋಳಾಗಿಯೇ ಇರುತ್ತದೆ. ಬಾಗಿಲು ಹಾಕುವಾಗ ಒಂದು ಹಳೆಯ ಪಂಚೆ ಎಸೆದು ಹೋದರೆ ಅದೇ ದೊಡ್ಡದು. ಕಾರಣ ಸರಳ. ದರ್ಜಿಯ ಗೋಡೆಯ ಮೇಲೆ ದರಪಟ್ಟಿ ಇದೆ. ಹೊಲಿಗೆಗೆ ದರ ಇರುವ ಕಡೆ ಗವಸಿನ ಅಗತ್ಯವಿಲ್ಲ. ಸ್ನೇಹಕ್ಕೆ ಹೊಲಿದುಕೊಡಬೇಕಾದ ಕಡೆಯೇ ಅದು ಬೇಕು.

ಸ್ನೇಹದ ಸ್ವರೂಪವನ್ನೂ ಸ್ವಲ್ಪ ನೋಡಬೇಕು. "ಅಕ್ಕಾ, ಎರಡೇ ಎರಡು ಹೊಲಿಗೆ" ಎಂದು ಬರುವವರ ಕೈಯಲ್ಲಿ ಎಂದೂ ಎರಡು ಹೊಲಿಗೆಯ ಕೆಲಸ ಇರುವುದಿಲ್ಲ. ಒಂದು ಸೀರೆಗೆ ಪೂರ್ತಿ ಫಾಲ್, ಎರಡು ದಿಂಬಿನ ಗವಸು, ಎಲ್ಲಕ್ಕಿಂತ ಭಯಂಕರವಾದದ್ದು ಮಗನ ಜೀನ್ಸ್ ಪ್ಯಾಂಟು. ಬ್ಲೌಸಿಗೆಂದು 14ರ ಸೂಜಿ ಹಾಕಿಟ್ಟ ಮೆಷಿನ್ನಿಗೆ ಜೀನ್ಸಿನ ನಾಲ್ಕು ಮಡಿಕೆ ಕೊಟ್ಟರೆ ಸೂಜಿ ಮುರಿಯದೆ ಇನ್ನೇನಾಗುತ್ತದೆ? ಅದಕ್ಕೆ 18ರ ಸೂಜಿ ಬೇಕು, ಮುರಿದ ಸೂಜಿಯ ದುಡ್ಡನ್ನು ಕೇಳುವ ಧೈರ್ಯ ಬೇಕು. ಮೊದಲನೆಯದು ಅಂಗಡಿಯಲ್ಲಿ ಸಿಗುತ್ತದೆ. ಮನೆಯೊಳಗಿನ ಶತ್ರುಗಳೂ ಇದ್ದಾರೆ. ಚಕ್ರ ಕಂಡ ಮಗು ಅದನ್ನು ಹಿಮ್ಮುಖವಾಗಿಯೇ ತಿರುಗಿಸುತ್ತದೆ, ದಾರ ಒಳಗೆ ಸಿಕ್ಕಾಗಿ ಕೂರುತ್ತದೆ. ಯಜಮಾನರ ಪಾಲಿಗಂತೂ ಸಮತಟ್ಟಾಗಿ ಕಂಡದ್ದೆಲ್ಲ ಮೇಜು. ಸ್ಕೂಟರಿನ ಕೀ, ಕರೆಂಟು ಬಿಲ್ಲು, ಓದಿ ಮಡಚಿದ ಪೇಪರು, ಕೊನೆಗೆ ಕಾಫಿಯ ಲೋಟ. ಸಾದಾ ಬಟ್ಟೆ ಹೊದಿಸಿದರೆ ಅದರ ಮೇಲೆ ಲೋಟ ಇಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಕಸೂತಿಯ ಗೋಪುರವೂ ತುಳಸಿಕಟ್ಟೆಯೂ ಇರುವ ಬಟ್ಟೆಯ ಮೇಲೆ ಇಡಲು ಕೈ ಬರುವುದಿಲ್ಲ. ಅಲಂಕಾರದ ಕೆಲಸ ಇದೇ. ತುಳಸಿಕಟ್ಟೆಯ ಮೇಲೆ ಬಿಸಿ ಲೋಟ ಇಡುವ ಗಂಡಸು ಈ ನಾಡಿನಲ್ಲಿ ಇನ್ನೂ ಹುಟ್ಟಬೇಕು.

ಹಾಗಾದರೆ ಬೀಗವಿರುವ ಪೆಟ್ಟಿಗೆಯನ್ನೇ ಏಕೆ ಇಟ್ಟುಕೊಳ್ಳಬಾರದು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮೆಷಿನ್ನಿಗೂ ಪೆಟ್ಟಿಗೆಗೂ ನಂಟು ಹಳೆಯದು. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಮೆಷಿನ್ ಸಾಗಾಟಕ್ಕೆಂದು ತುಂಬಿದ ಮರದ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ನಿಂತಿತ್ತು. ಆಮೇಲೆ ಕಂಪನಿಯವರು ಮೆಷಿನ್ನನ್ನು ಕಾರ್ಖಾನೆಯಿಂದ ಮನೆಯೊಳಗೆ ತರಲು ಹೊರಟಾಗ ಅದಕ್ಕೆ ಕಪ್ಪು ಬಣ್ಣ ಬಳಿದು, ಚಿನ್ನದ ಬಣ್ಣದ ಬಳ್ಳಿ, ಹೂವು, ಈಜಿಪ್ಟಿನ ಸ್ಫಿಂಕ್ಸ್ ಎಲ್ಲ ಅಂಟಿಸಿದರು, ಕಬ್ಬಿಣದ ಯಂತ್ರವೆಂಬ ಅಳುಕು ಹೋಗಲೆಂದು. ಅದೇ ಕಂಪನಿ ಬಾಗಿಸಿದ ಮರದ ಮುಚ್ಚಳವನ್ನೂ ಬೀಗ, ಕೀಲಿ ಸಮೇತ ಕೊಡುತ್ತಿತ್ತು. ಅಂಥವು ಇಂದಿಗೂ ಹಳೆಯ ಮನೆಗಳ ಅಟ್ಟದ ಮೇಲೆ ಸಿಗುತ್ತವೆ, ಬೀಗ ಇರುತ್ತದೆ, ಕೀಲಿ ಇರುವುದಿಲ್ಲ. ಕೀಲಿ ಕಳೆದದ್ದು ಬರೀ ಅಜಾಗರೂಕತೆಯಿಂದಲ್ಲ. ನಾದಿನಿ ಎದುರು ನಿಂತಾಗ ಬೀಗ ಹಾಕಿದರೆ ಅದು ಜಗಳ. ಗವಸಿನ ಮುಂದೆ ನಿಂತು "ಅಯ್ಯೋ, ಈಗ ತಾನೇ ಕಟ್ಟಿಟ್ಟೆ ಕಣೇ, ಎಲ್ಲಾ ಬಿಚ್ಚಬೇಕು" ಎಂದರೆ ಅದು ಆಯಾಸ. ಆಯಾಸಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮರ ಹೇಳಲಾಗದ ಸುಳ್ಳನ್ನು ಬಟ್ಟೆ ಸಲೀಸಾಗಿ ಹೇಳುತ್ತದೆ.

ಎರಡನೆಯ ಆಕ್ಷೇಪ ತಿಳಿದವರದು, ಹಾಗಾಗಿ ಅದಕ್ಕೆ ಮರ್ಯಾದೆ ಕೊಡಬೇಕು: ಹೀಗೆ ಕಟ್ಟಿಟ್ಟರೆ ಮೆಷಿನ್ ತುಕ್ಕು ಹಿಡಿಯುವುದಿಲ್ಲವೇ? ಮಲೆನಾಡಿನಲ್ಲಿ, ಕರಾವಳಿಯಲ್ಲಿ ಆಷಾಢದ ತೇವಕ್ಕೆ ಸೂಜಿ ಕೂಡ ಪೊಟ್ಟಣದೊಳಗೇ ಕಂದಾಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹೊದಿಕೆ ಅಲ್ಲಿ ಒಳಗೊಳಗೇ ಬೆವರುತ್ತದೆ. ರೆಕ್ಸಿನ್ ಕೆಲವು ವರ್ಷಕ್ಕೆ ಸಿಪ್ಪೆ ಸುಲಿದು ಉದುರುತ್ತದೆ. ಇವುಗಳ ಮಟ್ಟಿಗೆ ಆಕ್ಷೇಪ ನೂರಕ್ಕೆ ನೂರು ಸರಿ. ಗವಸಮ್ಮನವರ ಹತ್ತಿ ಪದರಕ್ಕೆ ಅದು ಅಷ್ಟಾಗಿ ತಾಗುವುದಿಲ್ಲ, ಗಾಳಿ ಆಡುತ್ತದೆ, ತೇವವನ್ನು ಬಟ್ಟೆಯೇ ಹೀರಿಕೊಳ್ಳುತ್ತದೆ. ಆದರೆ ಹೀರಿಕೊಂಡ ಬಟ್ಟೆಯನ್ನು ಬಿಸಿಲಿಗೆ ಹಾಕಬೇಕು, ಆಷಾಢದಲ್ಲಿ ಬಿಸಿಲೆಲ್ಲಿಂದ ತರುವುದು? ಇಲ್ಲಿ ಮಾತ್ರ ನಮ್ಮ ಕಕ್ಷಿದಾರರು ಸ್ವಲ್ಪ ಇಕ್ಕಟ್ಟಿನಲ್ಲಿದ್ದಾರೆಂದು ಒಪ್ಪಬೇಕು. ಆದ್ದರಿಂದಲೇ ಜಾಣ ಗವಸಮ್ಮನವರ ಬಳಿ ಒಂದಲ್ಲ, ಎರಡು ಗವಸು ಇರುತ್ತವೆ. ಒಂದು ಒಗೆತಕ್ಕೆ ಹೋದ ದಿನ ಮೆಷಿನ್ ಬೋಳಾಗಿ ನಿಂತರೆ ಬೀದಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು?

ಇನ್ನೊಂದು ಆಕ್ಷೇಪ ಹೆಚ್ಚಾಗಿ ಮನೆಯ ಗಂಡಸರದು. ಮೆಷಿನ್ನಲ್ಲಿ ಹೊಲಿದದ್ದೆಲ್ಲ ಬರೀ ಗವಸುಗಳೇ, ಹಾಗಾದರೆ ಗವಸನ್ನು ಹೊಲಿಯಲು ಮೆಷಿನ್ನು, ಮೆಷಿನ್ನಿಗಾಗಿ ಗವಸು, ಇದರಲ್ಲಿ ಮನೆಗೆ ಬಂದದ್ದೇನು ಎಂದು ಲೆಕ್ಕ ಕೇಳುತ್ತಾರೆ. ಈ ಲೆಕ್ಕಕ್ಕೆ ನಡುಮನೆಯಲ್ಲೇ ಉತ್ತರವಿದೆ. ಮನೆಯಲ್ಲಿ ಟೀವಿ ಎಲ್ಲರದು, ಫ್ರಿಜ್ಜು ಎಲ್ಲರದು, ಸೋಫಾ ಬಂದ ನೆಂಟರದು. ಸಾಮಾನ್ಯವಾಗಿ ಹೆಂಗಸಿನ ಹೆಸರಲ್ಲಿ ತವರಿನಿಂದಲೋ ಚೀಟಿಯ ದುಡ್ಡಿನಿಂದಲೋ ಯಾವುದೋ ಯೋಜನೆಯಿಂದಲೋ ಬಂದದ್ದು ಈ ಮೆಷಿನ್ ಒಂದೇ. ತನ್ನದೆಂಬ ಒಂದೇ ವಸ್ತು ಇರುವವರು ಅದಕ್ಕೆ ಮೂರು ಪದರ ಹೊದಿಸಿದರೆ ಅದನ್ನು ದುಂದು ಎನ್ನುವ ಹಕ್ಕು, ಬೈಕಿಗೆ ಕವರು, ಸೀಟಿಗೆ ಕವರು, ಟ್ಯಾಂಕಿಗೆ ಕವರು, ಮೊಬೈಲಿಗೆ ಮೂರು ಕವರು ಕೊಂಡವರಿಗೆ ಹೇಗೆ ಬಂತು? ಗವಸಿನೊಳಗೆ ಚೀಟಿಯ ಕಂತಿನ ನೋಟುಗಳನ್ನು ಇಡಲು ಒಂದು ಜೇಬೂ ಇರುತ್ತದೆ. ನೋಡಿದವರಿಗೆ ಅದು ಕತ್ತರಿಯ ಜೇಬು.

ಇಷ್ಟು ಹೇಳಿದರೂ ಗವಸು ಧೂಳಿಗೇ ಎಂದು ಹಟ ಹಿಡಿಯುವವರು ಆಯುಧಪೂಜೆಯ ದಿನ ಗವಸಮ್ಮನವರ ಮನೆಗೆ ಹೋಗಿ ನೋಡಬೇಕು. ವರ್ಷದಲ್ಲಿ ಅದೊಂದು ದಿನ ಐದೂ ಗುಂಡಿ ಬಿಚ್ಚಿ, ಲಾಡಿ ಸಡಿಲಿಸಿ, ಗವಸನ್ನು ಪೂರ್ತಿ ತೆಗೆದಿಡುತ್ತಾರೆ. ಮೆಷಿನ್ನನ್ನು ಒರೆಸಿ, ಎಣ್ಣೆ ಬಿಟ್ಟು, ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಸರ ಹಾಕುತ್ತಾರೆ. ಬಾಗಿಲು ಹಾರು ಹೊಡೆದಿರುತ್ತದೆ, ಬೀದಿಯ ಧೂಳೆಲ್ಲ ಒಳಗೇ ಬರಲಿ. ನೆಂಟರು, ನೆರೆಯವರು, ಜೀನ್ಸಿನಾಕೆ, ಎಲ್ಲರೂ ಬಂದು ಎದುರಿಗೇ ಕೂತು ಕಡಲೆ ಉಸಲಿ ತಿನ್ನುತ್ತಾರೆ. ಮೆಷಿನ್ ಬೋಳಾಗಿ ಹೊಳೆಯುತ್ತಿದೆ, ಯಾರೂ ಒಂದು ಹೊಲಿಗೆ ಕೇಳುವುದಿಲ್ಲ. ಪೂಜೆಗಿಟ್ಟ ಆಯುಧವನ್ನು ಆ ದಿನ ಕೆಲಸಕ್ಕೆ ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿ, ಆಯುಧಗಳನ್ನು ಮತ್ತೆ ಕೈಗೆತ್ತಿಕೊಳ್ಳುವ ಶುಭದಿನ. ಅಂದು ಬೆಳಿಗ್ಗೆ ಹಾಲಿನವನು ಬರುವುದರೊಳಗೆ ಐದು ಗುಂಡಿಯೂ ಬಿದ್ದಿರುತ್ತವೆ, ಎರಡೂ ಕಡೆಯ ಲಾಡಿಗೆ ಎರಡೆರಡು ಗಂಟು.