ರಜಾಕಾಲೀನ ಪರಸ್ಥಳೀಯ ಶಿಕ್ಷಕನ ನೆಲೆ–ನಿರ್ನೆಲೆಗಳ ಸಂಕಥನ: ತಿಪಟೂರು ಸೀಮೆಯನ್ನು ಅನುಲಕ್ಷಿಸಿದ ಒಂದು ತಾತ್ವಿಕ ಅನುಸಂಧಾನ

0. ಪ್ರವೇಶಿಕೆ

ಪ್ರಸ್ತುತ ಪ್ರಬಂಧವು ರಜೆಯೆಂಬ ಕಾಲಘಟಕ, ಶಿಕ್ಷಕನೆಂಬ ದೇಹಘಟಕ ಹಾಗೂ ತೆಂಗಿನ ತೋಟವೆಂಬ ಸ್ಥಳಘಟಕಗಳನ್ನು ಪರಸ್ಪರ ಮುಖಾಮುಖಿಯಾಗಿಸಿ, ಅವುಗಳ ನಡುವಣ ಅಧಿಕಾರ ಸಂಬಂಧಗಳನ್ನು ಸಮಸ್ಯಾತ್ಮಕಗೊಳಿಸುವ ಇರಾದೆ ಹೊಂದಿದೆ. ಸಮಸ್ಯಾತ್ಮಕಗೊಳಿಸುವುದು ಎಂದರೇನೆಂದು ವಿಚಾರ ಸಂಕಿರಣಗಳಲ್ಲಿ ಈವರೆಗೆ ಯಾರೂ ಕೇಳಿಲ್ಲವಾದ್ದರಿಂದ ಇಲ್ಲಿಯೂ ವಿವರಿಸಿಲ್ಲ. ಪ್ರಬಂಧಕಾರನು ಈ ಪರಿಭಾಷೆಯನ್ನು ಶಿಕ್ಷಕರ ತರಬೇತಿಗಳಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮಧ್ಯಾಹ್ನದ ಪಲಾವಿಗೆ ಮುಂಚಿನ ಅವಧಿಗಳಲ್ಲಿ ಸಂಪಾದಿಸಿದ್ದಾನೆ. ಖರ್ಚು ಮಾಡಲು ಜಾಗ ಸಿಕ್ಕಿರಲಿಲ್ಲ.

1. ಪರಸ್ಥಳೀಯನ ವ್ಯಾಖ್ಯೆ ಮತ್ತು ವರ್ಗೀಕರಣ

1.1 ಸಮೀಪ ಪರಸ್ಥಳೀಯ. ಅರಸೀಕೆರೆ, ಗುಬ್ಬಿ, ಕಡೂರಿನ ಕಡೆಯವನು. ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಮರಳುತ್ತಾನೆ. ಅವನ ಊಟದ ಡಬ್ಬಿ ಮನೆಯಲ್ಲೇ ತುಂಬಿದ್ದಾದ್ದರಿಂದ ತಾತ್ವಿಕವಾಗಿ ಅವನು ಮನೆಯಿಂದ ಹೊರಟೇ ಇಲ್ಲ.

1.2 ಮಧ್ಯಮ ಪರಸ್ಥಳೀಯ. ದಾವಣಗೆರೆ, ಚಿತ್ರದುರ್ಗದವನು. ಶನಿವಾರ ಬೆಳಗ್ಗೆಯೇ ಬ್ಯಾಗು ಸಮೇತ ಶಾಲೆಗೆ ಬರುತ್ತಾನೆ. ಕೊನೆಯ ಗಂಟೆ ಹೊಡೆದಾಗ ಮಕ್ಕಳಿಗಿಂತ ಮೊದಲು ಗೇಟು ದಾಟುವವನು ಇವನೇ.

1.3 ಅತಿದೂರ ಪರಸ್ಥಳೀಯ. ಇಂಡಿ, ಸಿಂದಗಿ, ಆಳಂದ, ಔರಾದ. ನೇಮಕಾತಿ ಪಟ್ಟಿಯಲ್ಲಿ ತುಮಕೂರು ಜಿಲ್ಲೆ ಬಂದಾಗ ನಕಾಶೆಯಲ್ಲಿ ತಿಪಟೂರು ಎಲ್ಲಿದೆಯೆಂದು ಹುಡುಕಿದವನು. ನಾನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಒಂದು ಟ್ರಂಕು, ಒಂದು ಡಬ್ಬಿ ಶೇಂಗಾ ಹಿಂಡಿ ಹಿಡಿದು ಬಂದು, ಹಿಂಡಿ ತೀರಿದ ಮೇಲೂ ಉಳಿದವನು.

1.3.1 ಅತಿದೂರನನ್ನು ಮತ್ತೆ ಸಕುಟುಂಬ, ಅಕುಟುಂಬ, ಅರ್ಧಕುಟುಂಬ (ಹೆಂಡತಿಯೂ ಶಿಕ್ಷಕಿ, ಬೇರೆ ಜಿಲ್ಲೆ) ಎಂದು ಮೂರಾಗಿ ವಿಂಗಡಿಸಿ, ಒಂದೊಂದನ್ನೂ ಬಾಡಿಗೆ ಕೋಣೆಯ ವಿಸ್ತೀರ್ಣಕ್ಕೆ ಅನುಗುಣವಾಗಿ ಒಡೆಯುವ ಯೋಜನೆಯಿತ್ತು. ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ. ಇದು ರಜೆಯನ್ನು ಕುರಿತ ಪ್ರಬಂಧ. 1.1 ಮತ್ತು 1.2ರವರು ಆಗಲೇ ಊರು ಸೇರಿ ಒಬ್ಬಟ್ಟು ತಿನ್ನುತ್ತಿದ್ದಾರೆ.

ಉಳಿದವನ ಚಾರಿತ್ರಿಕ ಸ್ಥಾನಮಾನವನ್ನು ಮಾತ್ರ ದಾಖಲಿಸಬೇಕು. ತಿಪಟೂರು ಹಳೆಯ ಮೈಸೂರು ಸಂಸ್ಥಾನದ್ದು, ವಿಜಯಪುರ ಮುಂಬಯಿ ಆಡಳಿತದ್ದು, ಕಲಬುರಗಿ ಹೈದರಾಬಾದಿನದ್ದು. 1956ರ ನವೆಂಬರ್ 1ರಂದು ಎಲ್ಲ ಒಂದಾಗುವ ತನಕ ಇಂಡಿಯ ಮಾಸ್ತರ ತುರುವೇಕೆರೆಗೆ ಬಂದಿದ್ದರೆ ಬೇರೆ ಸರ್ಕಾರದ ಪ್ರಜೆ. ಈಗ ಹಾಗಲ್ಲ. ಈಗ ಬರೀ ‘ಆ ಕಡೆಯೋರು’.

2. ರಜಾ ನಿರ್ವಾತ ಸಿದ್ಧಾಂತ

ಸಂಬಂಧಿಕರಿಲ್ಲದ ಊರಿನಲ್ಲಿ ರಜೆ ಕಳೆಯುವವನ ಸಮಯ ತಾತ್ವಿಕವಾಗಿ ಖಾಲಿ. ಖಾಲಿಯಿರುವುದನ್ನು ತುಂಬುವುದು ಸಮುದಾಯದ ನೈತಿಕ ಹೊಣೆ. ಈ ಸಿದ್ಧಾಂತದ ಮೂಲಸೂತ್ರ ಒಂದೇ ವಾಕ್ಯದ್ದು: ‘ನೀವೆಂಗೂ ಇಲ್ಲೇ ಇರ್ತೀರಲ್ಲ ಮೇಷ್ಟ್ರೇ.’

ಸೂತ್ರದ ಅನ್ವಯಗಳು ಬಹುಮುಖಿಯಾಗಿವೆ. ಶಾಲೆಯ ಬೀಗದ ಕೈ ಅವನ ಬಳಿ. ಕಾಂಪೌಂಡಿನ ತೆಂಗಿನ ಮರಗಳಿಂದ ಬಿದ್ದ ಕಾಯಿಯ ಲೆಕ್ಕ ಅವನ ಬಳಿ. ಮನೆಯ ಮಾಲೀಕರು ಸಕುಟುಂಬ ಮೈಸೂರಿಗೆ ಜಂಬೂಸವಾರಿ ನೋಡಲು ಹೊರಟಾಗ ಅವರ ಮನೆಯೂ ಅವನ ಬಳಿ. ‘ಅಟ್ಟದ ಮ್ಯಾಕೆ ಕೋತಿ ಬಂದ್ರೆ ಓಡ್ಸಿ. ಬಿಸಿಲಿಗೆ ಹರವಿರೋ ಕೊಬ್ಬರಿ ಮಳೆ ಬಂದ್ರೆ ಒಳಕ್ಕೆ ತುಂಬ್ಬಿಡಿ.’ ಇದು ಸಣ್ಣ ಜವಾಬ್ದಾರಿಯಲ್ಲ. ಕಾಯಿಯನ್ನು ಸಿಪ್ಪೆ ಸಮೇತ ತಿಂಗಳಾನುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನೊಳಗೆ ಕಳಚಿಕೊಂಡು ಅಲ್ಲಾಡತೊಡಗಿದ ಮೇಲೆ ಸುಲಿದು ಒಡೆದು ತೆಗೆಯುವ ಉಂಡೆ ಕೊಬ್ಬರಿ ಅದು. ಒಂದು ವರ್ಷದ ತಾಳ್ಮೆ ಒಂದು ಮಳೆಗೆ ಬೂಷ್ಟು ಹಿಡಿಯುತ್ತದೆ. 2025ರಲ್ಲಂತೂ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 30,000 ದಾಟಿತ್ತು. ಅಷ್ಟು ಬೆಲೆಬಾಳುವುದನ್ನು ಕಾಯಲು ನಂಬಿಕಸ್ಥನೇ ಬೇಕು. ಊರಿಗೆ ಹೋಗಲಾರದವನಷ್ಟು ನಂಬಿಕಸ್ಥ ಯಾರೂ ಇಲ್ಲ.

ಊರಿನಲ್ಲಿ ಹೀಗೆ ಸಿಕ್ಕಿಕೊಂಡವನು ಇನ್ನೊಬ್ಬನೇ, ಸತ್ಯಗಣಪತಿ. ಭಾದ್ರಪದದಲ್ಲಿ ಬಂದು ಕೂತ ಅವನನ್ನೂ ತಿಪಟೂರಿನವರು ದೀಪಾವಳಿ ಕಳೆಯುವ ತನಕ ಕಳಿಸಿಕೊಡುವುದಿಲ್ಲ. ಆದರೆ ಅವನಿಗೆ ದಿನಾ ಪೂಜೆಯುಂಟು.

3. ತೌಲನಿಕ ನೆಲೆ: ಜಪಾನ್

ಪರದೇಶದ ಉದಾಹರಣೆಯಿಲ್ಲದ ಪ್ರಬಂಧವನ್ನು ಯಾವ ಮಾರ್ಗದರ್ಶಕರೂ ಒಪ್ಪುವುದಿಲ್ಲ. ಆದ್ದರಿಂದ ಜಪಾನ್. ಅಲ್ಲಿನ ಸರ್ಕಾರ 1987ರಿಂದ ಜೆಟ್ ಎಂಬ ಕಾರ್ಯಕ್ರಮದಡಿ ಹೊರದೇಶದ ಪದವೀಧರರನ್ನು ಶಾಲೆಗಳಿಗೆ ಸಹಾಯಕ ಭಾಷಾ ಶಿಕ್ಷಕರಾಗಿ ಕರೆಸಿಕೊಳ್ಳುತ್ತಿದೆ. ಅಮೆರಿಕದಿಂದಲೋ ಐರ್ಲೆಂಡಿನಿಂದಲೋ ಬಂದವನಿಗೆ ದೊಡ್ಡ ಹಬ್ಬ ಕ್ರಿಸ್‌ಮಸ್. ಜಪಾನಿನಲ್ಲಿ ಡಿಸೆಂಬರ್ 25 ಸಾರ್ವತ್ರಿಕ ರಜೆಯೇ ಅಲ್ಲ. ಅಂದು ಜನ ಕರಿದ ಕೋಳಿಗೆ ಸಾಲು ನಿಲ್ಲುತ್ತಾರೆ, ಪ್ರೇಮಿಗಳು ಕೇಕು ಕತ್ತರಿಸುತ್ತಾರೆ. ಅವರ ಕುಟುಂಬದ ಹಬ್ಬ ಹೊಸವರ್ಷ. ಆಗ ದೇಶಕ್ಕೆ ದೇಶವೇ ರೈಲು ಹತ್ತಿ ಹುಟ್ಟೂರಿಗೆ ಹೋಗುತ್ತದೆ. ಪರದೇಶಿ ಶಿಕ್ಷಕನ ಹಬ್ಬದ ದಿನ ಯಾರಿಗೂ ಹಬ್ಬವಲ್ಲ, ಎಲ್ಲರ ಹಬ್ಬದ ದಿನ ಅವನಿಗೆ ಹೋಗಲು ಮನೆಯಿಲ್ಲ. ಚಳಿಗಾಲದ ರಜೆಯಲ್ಲಿ ಒಪ್ಪಂದದ ಪ್ರಕಾರ ಮಕ್ಕಳಿಲ್ಲದ ಶಾಲೆಗೆ ಬಂದು ಶಿಕ್ಷಕರ ಕೋಣೆಯಲ್ಲಿ ಮೇಜು ಕಾಯುವವರೂ ಇದ್ದಾರೆ.

ಈ ಭಾಗವನ್ನು ಓದುತ್ತಿದ್ದಾಗ ಪ್ರಬಂಧಕಾರನಿಗೆ ಅಪಾರ ಹೊಟ್ಟೆಕಿಚ್ಚಾಯಿತೆಂದು ದಾಖಲಿಸಲಾಗಿದೆ. ಮೇಜು, ಕೋಣೆ, ಹೀಟರು, ಕೂರುವ ಕೆಲಸ!

4. ಕ್ಷೇತ್ರಕಾರ್ಯ: 2025ರ ದಸರಾ

ಆ ವರ್ಷ ಶಾಲೆಗಳಿಗೆ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 7ರವರೆಗೆ. ಎರಡು ಕಾಲಘಟಕಗಳ ಈ ಅನ್ಯೋನ್ಯತೆ ಕಾಕತಾಳೀಯವಲ್ಲ. ಸುಮಾರು 1.75 ಲಕ್ಷ ಗಣತಿದಾರರು ಬೇಕಿತ್ತು, ಬಹುಪಾಲು ಶಿಕ್ಷಕರು. ಪಾಠ ನಿಲ್ಲಿಸದೆ ಅಷ್ಟು ಜನ ಸಿಗುವುದು ರಜೆಯಲ್ಲಿ ಮಾತ್ರ.

ಮನೆಗಳನ್ನು ಗುರುತಿಸಿದ್ದು ವಿದ್ಯುತ್ ಮೀಟರಿನ ಆಧಾರದ ಮೇಲೆ. ಮೀಟರ್ ರೀಡರು ಮೊದಲೇ ಬಂದು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿರುತ್ತಾರೆ. ಗಣತಿದಾರ ಹೋಗಿ ಆ್ಯಪಿನಲ್ಲಿ 60 ಪ್ರಶ್ನೆ ಕೇಳಬೇಕು. ಊರೊಳಗಿನ ಮನೆಗಳೇನೋ ಸಲೀಸು. ತೋಟದ ಮನೆಗಳು ಹಾಗಲ್ಲ. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಮೂರು ಬದು, ಒಂದು ಹಳ್ಳ, ಎರಡು ನಾಯಿ. ಸಿಗ್ನಲ್ಲು ಹುಡುಕುತ್ತ ಮೊಬೈಲು ಎತ್ತಿ ಹಿಡಿದು ಮರದಡಿ ನಿಂತರೆ ಮೇಲಿಂದ ಗರಿ ಯಾವಾಗ ಬೀಳುತ್ತದೋ ಹೇಳಲಾಗದು. ಕಾಯಿ ಬಿದ್ದರಂತೂ ಹೇಳಲು ಮಾಸ್ತರನೇ ಇರುವುದಿಲ್ಲ.

ಸೆಪ್ಟೆಂಬರ್ 25ರಂದು ಹೈಕೋರ್ಟು, ಮಾಹಿತಿ ಕೊಡುವುದು ಬಿಡುವುದು ಜನರ ಇಷ್ಟ ಎಂದಿತು. ಸರಿಯೇ. ಉತ್ತರ ಹೇಳುವವನಿಗೆ ಐಚ್ಛಿಕ, ಪ್ರಶ್ನೆ ಕೇಳುವವನಿಗೆ ಕಡ್ಡಾಯ. ಬೆಂಗಳೂರಿನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಕೋಳಿ, ಕುರಿ, ಚಿನ್ನದ ಲೆಕ್ಕವನ್ನೆಲ್ಲ ಕೇಳಬೇಡಿ ಎಂದು ಗಣತಿದಾರರಿಗೆ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಇತ್ತ ತೋಟದ ಅಜ್ಜ ಕೇಳುತ್ತಿದ್ದುದು ಬೇರೆ. ‘ಕೋಳಿ ಬರ್ಕಳಿ, ಕುರಿ ಬರ್ಕಳಿ, ಕೊಬ್ಬರಿ ರೇಟು ಮಾತ್ರ ಬರ್ಕಬ್ಯಾಡಿ. ಆಮ್ಯಾಕೆ ರೇಸನ್ ಕಾರ್ಡು ಕಿತ್ಕಂಡ್ರೆ?’

ಸಮೀಕ್ಷೆ ಬೇಡವಾಗಿತ್ತು ಎಂಬುದು ಈ ಪ್ರಬಂಧದ ವಾದವಲ್ಲ. ಯಾರು ಎಲ್ಲಿ ಹಿಂದುಳಿದಿದ್ದಾರೆಂದು ಎಣಿಸದೆ ಯಾರಿಗೆ ಎಷ್ಟು ಕೊಡಬೇಕೆಂದು ಹೇಗೆ ತಿಳಿದೀತು? ಎಣಿಸಲಿ. ಹೋದ ಮನೆಯಲ್ಲೆಲ್ಲ ಎಳನೀರು ಕೆತ್ತಿ ಕೊಟ್ಟರು, ಕುರ್ಚಿ ಒರೆಸಿ ಹಾಕಿದರು, ಕೂತ ಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. ಅದು ಆ 60ರಲ್ಲಿ ಇರಲಿಲ್ಲ. ಆ್ಯಪು ಕೈಕೊಟ್ಟ ಮನೆಯಲ್ಲೂ ಆ ಪ್ರಶ್ನೆ ಕೈಕೊಡಲಿಲ್ಲ.

‘ಹಬ್ಬಕ್ಕೆ ಊರಿಗೋಗ್ಲಿಲ್ವ ಮೇಷ್ಟ್ರೇ?’

5. (ಈ ಅಧ್ಯಾಯಕ್ಕೆ ‘ಬನ್ನಿಯ ವಿನಿಮಯ ಮೌಲ್ಯ: ಒಂದು ಸಾಂಸ್ಕೃತಿಕ ಅರ್ಥಶಾಸ್ತ್ರ’ ಎಂಬ ಶೀರ್ಷಿಕೆ ಯೋಚಿಸಲಾಗಿತ್ತು)

ಇಲ್ಲ, ಹೋಗಲಿಲ್ಲ.

ಅಕ್ಟೋಬರ್ 2, ಗುರುವಾರ, ವಿಜಯದಶಮಿ. ಹಿಂದಿನ ದಿನವೇ ಈ ಕಡೆ ಆಯುಧಪೂಜೆ ಮುಗಿದಿತ್ತು. ಟ್ರ್ಯಾಕ್ಟರಿಗೂ ಬೈಕಿಗೂ ಕೊಬ್ಬರಿ ಅಂಗಡಿಯ ತಕ್ಕಡಿಗೂ ಬಾಳೆಕಂದು ಕಟ್ಟಿ ಬೂದುಗುಂಬಳ ಒಡೆದಿದ್ದರು. ‘ಆ ಕಡೆ’ಯ ನಮ್ಮ ಸೀಮೆಯಲ್ಲಿ ಹಬ್ಬ ದಶಮಿಯ ಸಂಜೆಗೆ. ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಬೇಕು, ಹಿರಿಯರ ಕಾಲಿಗೆ ಬೀಳಬೇಕು. ವರ್ಷವೆಲ್ಲ ಮಾತು ಬಿಟ್ಟ ದಾಯಾದಿ ಎದುರು ಬಂದು ಬನ್ನಿ ಚಾಚಿದರೂ ಇಸಿದುಕೊಂಡು ಬಂಗಾರದಂಗ ಇರೋಣ ಅನ್ನಬೇಕು. ಕೋರ್ಟಿನಲ್ಲಿ ಮುಗಿಯದ ಹೊಲದ ಜಗಳ ಆ ಸಂಜೆ ಮುಗಿದದ್ದನ್ನು ನಾನು ಕಂಡಿದ್ದೇನೆ. ಇದನ್ನು ಫೋನಿನಲ್ಲಿ ಮಾಡಲು ಬರುವುದಿಲ್ಲ. ಸತತವಾಗಿ ಹೋಗದಿದ್ದರೆ ಜನ ಸಿಟ್ಟಾಗುವುದಿಲ್ಲ, ನಿಮ್ಮನ್ನು ಬಿಟ್ಟು ಲೆಕ್ಕ ಹಾಕುವುದನ್ನು ಕಲಿಯುತ್ತಾರೆ.

‘ಬನ್ನಿಗೂ ಬರಂಗಿಲ್ಲೇನ?’ ಅಂದಳು ಅವ್ವ.

‘ಡ್ಯೂಟಿ ಐತಿ ಯವ್ವಾ. ಮಂದಿ ಎಣಿಸೂದೈತಿ.’

‘ಅಲ್ಲೀ ಮಂದಿನ್ನ ಎಣಿಸಾಕ ಇಲ್ಲೀ ಮಾಸ್ತರೇ ಬೇಕಾ?’ ಸ್ವಲ್ಪ ಹೊತ್ತು ಬಿಟ್ಟು, ‘ಸೀಗಿ ಹುಣ್ವಿಗರೆ ಬಾ. ಹೊಲಕ್ಕ ಚರಗ ಚೆಲ್ಲಾಕ ಗಂಡಮಕ್ಕಳ್ಯಾರೂ ಇಲ್ಲ.’

ಸೀಗೆ ಹುಣ್ಣಿಮೆ ಬಂದದ್ದು ಸಮೀಕ್ಷೆ ಮುಗಿಯಬೇಕಿದ್ದ ಹೊತ್ತಿಗೆ. ಸಮೀಕ್ಷೆ ಮುಗಿಯಲಿಲ್ಲ. ಅಕ್ಟೋಬರ್ 18ರವರೆಗೆ ವಿಸ್ತರಿಸಿದರು, ಶಾಲೆಗೂ ಅಲ್ಲಿಯವರೆಗೆ ರಜೆ ಎಂದು ಘೋಷಣೆಯಾಯಿತು. ಟಿ.ವಿ.ಯಲ್ಲಿ ನೋಡಿದವರ ಕಣ್ಣಿಗೆ ಮೇಷ್ಟರುಗಳಿಗೆ ಭರ್ಜರಿ ರಜೆ! ‘ನಿಮ್ದೇ ಪುಣ್ಯ ಬಿಡಿ’ ಎಂದರು ಚಹಾದ ಅಂಗಡಿಯಲ್ಲಿ. ನನ್ನ ಕೈಯಲ್ಲಿ ಆ ಹೊತ್ತಿಗೆ ಬೀಗ ಹಾಕಿದ ಮನೆಗಳ ಪಟ್ಟಿಯಿತ್ತು. ಅವರೆಲ್ಲ ಹಬ್ಬಕ್ಕೆ ಊರಿಗೆ ಹೋದವರು. ಆಮೇಲೆ ದೀಪಾವಳಿ: ಸರ್ಕಾರಿ ರಜಾ ಪಟ್ಟಿಯಲ್ಲಿ 20 ಇತ್ತು, 22 ಇತ್ತು, ನಡುವಿನ 21 ಇರಲಿಲ್ಲ. ಗುಬ್ಬಿಯವನಿಗೆ ಅದು ಎರಡು ಹಬ್ಬದ ನಡುವಿನ ಒಂದು ಮಂಗಳವಾರ. ಸಿಂದಗಿಯವನಿಗೆ ಹೋಗುವ ರಾತ್ರಿ, ಬರುವ ರಾತ್ರಿ ಕಳೆದರೆ ಉಳಿಯುವುದೇನು?

ರೊಕ್ಕ ಕೊಟ್ಟರಲ್ಲ ಅನ್ನುವವರಿದ್ದಾರೆ. ಕೊಟ್ಟರು, ಗೌರವಧನ. ಚುನಾವಣೆಗೂ ಕೊಡುತ್ತಾರೆ. ನಾನು ಕೇಳುತ್ತಿರುವುದು ದುಡ್ಡಲ್ಲ. ಗಣತಿ, ಮತದಾರರ ಪಟ್ಟಿ, ತರಬೇತಿ, ಜಯಂತಿ, ಏನೇ ಬಂದರೂ ಮೊದಲು ತೆಗೆಯುವುದು ಶಿಕ್ಷಕನ ರಜೆಯನ್ನೇ ಏಕೆ? ಅದರಲ್ಲೂ ಹತ್ತಿರದವನಿಗಾದರೆ ರಾತ್ರಿಗೆ ಮನೆಯಿದೆ. ದೂರದವನ ಪಾಲಿಗೆ ರಜೆಯೆಂದರೆ ಮನೆಯೇ, ಬೇರೇನಲ್ಲ. ಅದನ್ನು ತೆಗೆದುಕೊಂಡವರಿಗೆ ತಾವು ಏನು ತೆಗೆದುಕೊಂಡೆವೆಂಬುದು ತಿಳಿದಿರಲಾರದು. ಸುತ್ತೋಲೆಯಲ್ಲಿ ‘ಸದರಿ ಅವಧಿಯಲ್ಲಿ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ’ ಎಂದು ಬರೆದವರ ಅವ್ವ ಬಹುಶಃ ಅವರ ಜೊತೆಗೇ ಇದ್ದಾಳೆ.

ವರ್ಗಾವಣೆ ಕೇಳಬಾರದೆ? 2020ರ ಕಾಯ್ದೆಯಿದೆ, ಕೌನ್ಸೆಲಿಂಗ್ ಇದೆ, ಶೇಕಡಾವಾರು ಮಿತಿಯಿದೆ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ವಿಭಾಗ ನಾಲ್ಕು. ಒಂದರಿಂದ ಇನ್ನೊಂದಕ್ಕೆ ದಾಟಿದರೆ ಈವರೆಗಿನ ಜ್ಯೇಷ್ಠತೆ ಬಿಟ್ಟು ಹೊಸಬನಾಗಿ ನಿಲ್ಲಬೇಕು. ಅದಕ್ಕೂ ತಯಾರು ಎಂದವರೂ ಸಾಲಿನಲ್ಲಿದ್ದಾರೆ. ಅತ್ತ ಕಲಬುರಗಿ ಸೀಮೆಯ ಶಾಲೆಗಳಲ್ಲಿ ಹುದ್ದೆ ಖಾಲಿ ಎಂದು ಪೇಪರಿನಲ್ಲಿ ಓದುತ್ತೇವೆ, ಇತ್ತ ಅದೇ ಸೀಮೆಯವರು ಇಲ್ಲಿ ಕೋತಿ ಓಡಿಸುತ್ತಿರುತ್ತಾರೆ.

ಮೈಸೂರಿನಿಂದ ನಮ್ಮ ಸೀಮೆ ಹಾದು ಸೊಲ್ಲಾಪುರದ ಕಡೆ ಹೋಗುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ತಿಪಟೂರಿನ ಹಳಿಯ ಮೇಲೇ ಅರಸೀಕೆರೆಗೆ ಓಡುತ್ತದೆ. ನನ್ನ ಕೋಣೆಗೆ ಅದರ ಕೂಗು ಕೇಳುತ್ತದೆ. ಈ ವಾಕ್ಯಕ್ಕೆ ಪರಿಭಾಷೆ ಹೊಂದಿಸಲು ನೋಡಿದೆ, ಹೊಂದಲಿಲ್ಲ.

6. ಪ್ರಬಂಧಕಾರನ ಅಂಕಿಅಂಶ ಸ್ಥಾನ

ಶೈಕ್ಷಣಿಕ ಶಿಸ್ತಿಗೆ ಮರಳೋಣ. ಪ್ರಬಂಧಕಾರನ ಬಾಡಿಗೆ ಕೋಣೆಗೆ ಪ್ರತ್ಯೇಕ ಮೀಟರಿಲ್ಲ. ಮಾಲೀಕರ ಮೀಟರಿನಿಂದಲೇ ಒಂದು ವೈರು. ಮೀಟರಿಗೊಂದು ಚೀಟಿ, ಆದ್ದರಿಂದ ಈ ಬಾಗಿಲಿಗೆ ಚೀಟಿಯಿಲ್ಲ. ಊರಿನಲ್ಲಿ ಅವ್ವ ಕುಟುಂಬದ ಸದಸ್ಯರ ಹೆಸರು ಹೇಳುವಾಗ ಇವನದನ್ನೂ ಹೇಳಿದ್ದಾಳೆ. ಅಲ್ಲಿನ ಗಣತಿದಾರರು ಇವನೀಗ ಎಲ್ಲಿ ಎಂದು ಕೇಳಿದರಂತೆ. ‘ಎಣಿಸಾಕ ಹೋಗ್ಯಾನ್ರಿ’ ಅಂದಳಂತೆ.

ಆಯುಧಪೂಜೆಯ ಮಧ್ಯಾಹ್ನ ಪಕ್ಕದ ಮನೆಯಾಕೆ ಒಬ್ಬಟ್ಟು, ಕಾಯಿಹಾಲು ತಂದುಕೊಟ್ಟು, ಪಾತ್ರೆ ನಾಳೆ ಕೊಟ್ಟರಾಯಿತು ಎಂದು ಹೇಳಿ ಹೋದರು. ಈ ಪ್ರಬಂಧದ ತಕರಾರು ಅವರ ಮೇಲೆ ಖಂಡಿತ ಅಲ್ಲ. ಕಾಯಿಹಾಲಿನ ಮೇಲಂತೂ ಅಲ್ಲವೇ ಅಲ್ಲ.

7. ಅನ್ವಯ

ದೀಪಾವಳಿ ಕಳೆದು ಶಾಲೆ ತೆರೆದ ಕೂಡಲೇ ಹೆಡ್‌ಮೇಷ್ಟ್ರು ಕರೆದರು. ನವೆಂಬರ್ 1ರ ರಾಜ್ಯೋತ್ಸವದ ಭಾಷಣ ನಾನೇ ಮಾಡಬೇಕಂತೆ. ‘ಏಕೀಕರಣಕ್ಕೆ ನಿಮಗಿಂತ ಉದಾಹರಣೆ ಬೇಕಾ ಮೇಷ್ಟ್ರೇ? ಆ ತುದಿಯೋರು ಈ ತುದೀಲಿದೀರ.’ ಒಪ್ಪಿಕೊಂಡೆ. ಬರೆದು ತೋರಿಸಿದೆ. ಆಲೂರು ವೆಂಕಟರಾಯರು ಬಂದರು, ಫಜಲ್ ಅಲಿ ಆಯೋಗ ಬಂತು, 1973ರಲ್ಲಿ ಕರ್ನಾಟಕವೆಂಬ ಹೆಸರು ಬಂತು. ಅವರು ತಲೆಯಾಡಿಸುತ್ತ ಓದುತ್ತ ಹೋಗಿ ಕೊನೆಯ ಪುಟದಲ್ಲಿ ನಿಂತರು. ಅಲ್ಲಿ, ನಾಡು 1956ರಲ್ಲೇ ಒಂದಾದರೂ ಮಾಸ್ತರರ ಮಟ್ಟಿಗೆ ಅದು ಇನ್ನೂ ನಾಲ್ಕಾಗಿಯೇ ಇದೆ ಎಂದು ಬರೆದಿದ್ದೆ.

‘ಇದೊಂದ್ ಸಾಲು ಬ್ಯಾಡ ಬಿಡಿ’ ಎಂದರು, ಕೆಂಪು ಪೆನ್ನಿನ ಕ್ಯಾಪು ತೆಗೆಯುತ್ತ. ‘ಎಮ್ಮೆಲ್ಲೆ ಬರ್ತಾರೆ.’